ಎರಡೂ ಕಾಗದಕ್ಕೆ ನನ್ನ ಸಹಿ

ಬಾಗಿಲಿಗೆ ಬಂದವರಿಗೆ ‘ಇಲ್ಲ’ ಅನ್ನುವುದು ನನಗೆ ಇವತ್ತಿಗೂ ಬರುವುದಿಲ್ಲ. ಗಂಡನ ಮೇಲೆ ಕೂಗಾಡಲು ಬರುತ್ತದೆ, ಆಫೀಸಿನಲ್ಲಿ ಮ್ಯಾನೇಜರಿಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡಲು ಬರುತ್ತದೆ, ಫೋನಿನಲ್ಲಿ ಏನಾದರೂ ಮಾರಲು ಬಂದವನನ್ನು ಎರಡೇ ಮಾತಿನಲ್ಲಿ ಓಡಿಸಲು ಬರುತ್ತದೆ. ಆದರೆ ಮನೆ ಬಾಗಿಲಲ್ಲಿ ಒಬ್ಬ ಮನುಷ್ಯ ನಗುತ್ತಾ ನಿಂತು ಏನಾದರೂ ಕೇಳಿದರೆ ಮುಗಿಯಿತು, ನನ್ನ ಕತ್ತು ತಾನಾಗಿಯೇ ಹೂಂ ಅಂದುಬಿಡುತ್ತದೆ. ಮೈಸೂರಿನಲ್ಲಿ ನಮ್ಮಮ್ಮ ಇದಕ್ಕೆ ದಾಕ್ಷಿಣ್ಯ ಅನ್ನುತ್ತಿದ್ದರು, ಅದೇನೋ ದೊಡ್ಡ ಗುಣ ಅನ್ನುವ ಹಾಗೆ. ಅದು ಎಂಥ ಗುಣ ಅಂತ ನನಗೆ ಗೊತ್ತಾದದ್ದು ಅಮೆರಿಕದ ಡರ್ಹಮ್‌ನಲ್ಲಿ.

ತೊಂಬತ್ತರ ದಶಕದ ನಡುವಿನ ಮಾತು, ಮಗಳು ಹುಟ್ಟಿದ ವರ್ಷ. ನಾನೂ ನನ್ನ ಗಂಡನೂ ಸಾಫ್ಟ್‌ವೇರಿನವರು. ಡರ್ಹಮ್ ಊರಿನ ಹೊರಗೆ, ತಂಬಾಕಿನ ಹೊಲಗಳು ಒಂದೊಂದಾಗಿ ಮನೆಗಳಾಗುತ್ತಿದ್ದ ಕಡೆ, ಒಂದು ಎಕರೆ ಜಾಗದಲ್ಲಿದ್ದ ಹಳೆಯ ಮನೆಯೊಂದನ್ನು ಕೊಂಡಿದ್ದೆವು. ಎಡಕ್ಕೆ ಹೊಸ ಬಡಾವಣೆ. ಹಿಂದಕ್ಕೆ ಎಪ್ಪತ್ತು ದಾಟಿದ ಒಬ್ಬ ಯಜಮಾನರ ಜಮೀನು: ಹೊಲ, ಪೈನ್ ಮರಗಳು, ಒಂದು ಸಣ್ಣ ಕೆರೆ, ಕಣ್ಣು ಹಾಯುವಷ್ಟು ದೂರವೂ ಅವರದೇ. ನಮ್ಮ ಹಿತ್ತಲಿಗೂ ಅವರ ಹೊಲಕ್ಕೂ ನಡುವೆ ಬೇಲಿಯಿಲ್ಲ, ಕಾಂಪೌಂಡಿಲ್ಲ, ಗುರುತಿಗೆ ಒಂದು ಕಲ್ಲೂ ಇಲ್ಲ. ಮೂರು ನಾಲ್ಕು ಮರಗಳಿಗೆ ‘ಪ್ರವೇಶವಿಲ್ಲ’ ಅನ್ನುವ ಹಳದಿ ಬೋರ್ಡು ಹೊಡೆದಿದ್ದರು, ಅವೂ ಬಿಸಿಲಿಗೆ ಬಿಳಿಚಿಕೊಂಡಿದ್ದವು.

ಆ ಬೇಸಿಗೆಯಲ್ಲಿ ನಾನು ರಜೆಯ ಮೇಲೆ ಮನೆಯಲ್ಲಿದ್ದೆ. ಬಾಣಂತನ ಮಾಡಿ ಅಮ್ಮ ಮೈಸೂರಿಗೆ ವಾಪಸು ಹೋದ ಮೇಲೆ ಅತ್ತೆ ಬಂದಿದ್ದರು, ಆರು ತಿಂಗಳ ವಿಸಿಟರ್ ವೀಸಾದ ಮೇಲೆ. ಅದೇ ದಿನಗಳಲ್ಲಿ ಕೌಂಟಿಯಿಂದ, ಅಂದರೆ ಜಿಲ್ಲಾಡಳಿತದಿಂದ, ಒಂದು ಕಾಗದ ಬಂತು. ‘ಪಕ್ಕದ ಜಮೀನಿನ ಮಾಲೀಕರೇ’ ಅಂತ ನಮ್ಮನ್ನು ಕರೆದಿದ್ದರು. ನಮ್ಮಪ್ಪ ಜೀವನವಿಡೀ ಬಾಡಿಗೆ ಮನೆಯಲ್ಲಿದ್ದವರು, ನನ್ನನ್ನು ಜಮೀನಿನ ಮಾಲೀಕಳು ಅಂತ ಯಾರೂ ಯಾವತ್ತೂ ಕರೆದಿರಲಿಲ್ಲ. ಆ ಒಂದು ಸಾಲನ್ನು ಎರಡು ಸಲ ಓದಿದೆ. ಉಳಿದ ಕಾಗದದಲ್ಲಿ ಇದ್ದದ್ದು ಇಷ್ಟು: ಹಿಂದಿನ ಜಮೀನಿನ ಯಜಮಾನರು ಅದನ್ನು ಖಾಸಗಿ ಬೇಟೆ ತಾಣ ಮಾಡಲು ಅನುಮತಿ ಕೇಳಿದ್ದಾರೆ, ಸೆಪ್ಟೆಂಬರ್‌ನಲ್ಲಿ ವಿಚಾರಣೆ, ನಿಮಗೆ ಏನಾದರೂ ಹೇಳುವುದಿದ್ದರೆ ಹೇಳಿ.

ಬೇಟೆ ಅಂದ ತಕ್ಷಣ ನನಗೆ ನೆನಪಾದದ್ದು ಮೈಸೂರು ಅರಮನೆಯ ಗೋಡೆಯಲ್ಲಿ ತೂಗುಹಾಕಿದ್ದ ಕೊಂಬುಗಳು. ಈ ಯಜಮಾನರೋ ಪ್ಯಾಂಟಿಗೆ ಸಸ್ಪೆಂಡರ್ ಪಟ್ಟಿ ಹಾಕಿಕೊಂಡು ಟ್ರ್ಯಾಕ್ಟರ್ ಓಡಿಸುವ ರೈತ. ಎರಡು ದಿನ ಬಿಟ್ಟು ಅವರೇ ಬಾಗಿಲು ತಟ್ಟಿದರು. ಒಂದು ಕೈಯಲ್ಲಿ ಕಾಗದದ ಚೀಲದ ತುಂಬ ಎಳೆ ಬೆಂಡೆಕಾಯಿ, ಇನ್ನೊಂದು ಕೈಯಲ್ಲಿ ಟೋಪಿ, ಕಂಕುಳಲ್ಲಿ ಒಂದು ಅರ್ಜಿ. ಅವರ ಇಂಗ್ಲಿಷು ಎಷ್ಟು ನಿಧಾನವೆಂದರೆ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಮಗು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು.

“ನಮ್ಮಜ್ಜ ಉತ್ತ ಭೂಮಿ ಮ್ಯಾಮ್ ಇದು. ತಂಬಾಕು ಮುಗೀತು. ಮಕ್ಕಳು ಯಾರೂ ಈ ಕಡೆ ಬರಲ್ಲ. ಬಡಾವಣೆ ಮಾಡೋರು ವಾರಕ್ಕೊಂದು ಸಲ ಫೋನ್ ಮಾಡ್ತಾರೆ. ಬೇಟೆ ತಾಣಕ್ಕೆ ಅನುಮತಿ ಸಿಕ್ಕಿದರೆ ಹೊಲ ಹೊಲವಾಗೇ ಇರುತ್ತೆ, ಕಾಡು ಕಾಡಾಗೇ ಇರುತ್ತೆ. ಸಿಗದೇ ಹೋದರೆ ನಾನು ಮಾರಲೇಬೇಕು.”

ಗೂಡಿನಲ್ಲಿ ಸಾಕಿದ ಬುರ್ಲಿ, ಅಂದರೆ ಕ್ವೇಲ್, ಹಕ್ಕಿಗಳನ್ನು ತಂದು ಪೊದೆಗಳಲ್ಲಿ ಬಿಡುತ್ತಾರಂತೆ. ಊರೂರಿನಿಂದ ಜನ ಶುಲ್ಕ ಕೊಟ್ಟು ಬಂದು, ನಾಯಿಗಳ ಜೊತೆ ಓಡಾಡಿ ಹೊಡೆಯುತ್ತಾರಂತೆ. ಕೊಲ್ಲುವುದಕ್ಕೋಸ್ಕರ ಸಾಕುವುದು, ಕಾಡು ಉಳಿಯಲಿ ಅಂತ ಕಾಡಿನಲ್ಲಿ ಗುಂಡು ಹಾರಿಸುವುದು! ನನ್ನ ತಲೆ ಅಲ್ಲಿಗೇ ಕಲಸುಮೇಲೋಗರ. ಆದರೆ ಅವರು ಟೋಪಿ ಹಿಡಿದುಕೊಂಡು ನಿಂತಿದ್ದರು, ಬೆಂಡೆಕಾಯಿ ಬೇರೆ ತಂದಿದ್ದರು. ‘ಅನುಮತಿ ಕೊಡಿ’ ಅನ್ನುವ ಅರ್ಜಿಗೆ ಸಹಿ ಹಾಕಿದೆ.

ಆ ಬೆಂಡೆಕಾಯಿಯ ಗೊಜ್ಜು ಖಾಲಿಯಾಗುವ ಮೊದಲೇ ಬಡಾವಣೆಯ ಹೆಂಗಸೊಬ್ಬಳು ಬಂದಳು. ಓಡುವ ಬಟ್ಟೆ, ಬೆವರು, ತಟ್ಟೆಯಲ್ಲಿ ಕುಕೀಸು. ಮಗುವನ್ನು ನೋಡಿ ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

“ಇಷ್ಟು ಪುಟ್ಟ ಪಾಪು ಇದೆ ನಿಮಗೆ. ಗುಂಡು ಏನು ಗಡಿ ನೋಡಿಕೊಂಡು ನಿಲ್ಲುತ್ತಾ? ಅವರ ಜಮೀನು ಅಂದರೆ ಅವರು ಏನು ಬೇಕಾದರೂ ಮಾಡಬಹುದಾ? ನಮ್ಮ ಮನೆಗಳೂ ನಮ್ಮ ಜಮೀನು ತಾನೇ?”

ಇದೂ ಸರಿ ಅನಿಸಿತು. ಸರಿ ಅನಿಸಿತು ಏನು, ಮೈ ಝುಮ್ ಅಂದಿತು. ಅವಳು ನೀಡಿದ ಪೆನ್ನು ತೆಗೆದುಕೊಂಡು ‘ಅನುಮತಿ ಕೊಡಬೇಡಿ’ ಅನ್ನುವ ಅರ್ಜಿಗೂ ಸಹಿ ಹಾಕಿದೆ. ಎರಡರಲ್ಲೂ ಒಂದೇ ದುಂಡು ಅಕ್ಷರ.

ಸಂಜೆ ಗಂಡನಿಗೆ ಹೇಳಿದಾಗ ಅವನು ಷೂ ಬಿಚ್ಚುತ್ತಿದ್ದವನು ಹಾಗೇ ಕೂತುಬಿಟ್ಟ.

“ಯೆಸ್‌ಗೂ ಸೈನ್ ಮಾಡಿದ್ಯಾ, ನೋಗೂ ಸೈನ್ ಮಾಡಿದ್ಯಾ? ತಲೆ ಗಿಲೆ ಕೆಟ್ಟಿದ್ಯೇನೇ ನಿಂಗೆ?”

“ಮತ್ತೇನು ಮಾಡ್ಬೇಕಿತ್ತು? ಬಾಗಿಲಿಗೆ ಬಂದಿದ್ರು. ನೀನು ಮನೇಲಿದ್ದಿದ್ರೆ ನೀನೇ ಹ್ಯಾಂಡಲ್ ಮಾಡ್ಬಹುದಿತ್ತು. ಆರು ಗಂಟೆಗೆ ಬಂದು ನನ್ನ ಮೇಲೆ ರೇಗ್ಬೇಡ.”

“ಸರಿ, ನಿನ್ನ ಮನಸ್ಸಲ್ಲಿ ಯಾವುದು? ಅದನ್ನಾದ್ರೂ ಹೇಳು.”

ಅದು ಗೊತ್ತಿದ್ದಿದ್ದರೆ ಹೇಳುತ್ತಿರಲಿಲ್ಲವೇ. ಮಗು ಅಳುತ್ತಿದೆ ಅಂತ ಎದ್ದು ಹೋದೆ. ಮಗು ಅಳುತ್ತಿರಲಿಲ್ಲ.

ಈ ಗಲಾಟೆ ಯಾವುದೂ ಅತ್ತೆಯ ತಲೆಗೆ ಹೋಗಿರಲಿಲ್ಲ. ಅವರದು ಬೇರೆಯೇ ಚಿಂತೆ. ಮೈಸೂರಿನಲ್ಲಿ ಅವರು ಬೆಳಿಗ್ಗೆ ಹಕ್ಕಿಗೆ ಒಂದು ಹಿಡಿ ಹಾಕದೆ ತಾವು ಬಾಯಿಗೆ ಏನೂ ಹಾಕಿಕೊಂಡವರಲ್ಲ. ಇಲ್ಲಿಯೂ ಬಂದ ಮರುದಿನವೇ ಹಿಂದಿನ ಮೆಟ್ಟಿಲ ಮೇಲೆ ಅನ್ನ ಇಟ್ಟು ಕಾದರು. ಕಾಗೆ ಬರಲಿಲ್ಲ. ಅಮೆರಿಕದ ಕಾಗೆಗೆ ಸೊಕ್ಕು ಅಂತ ಮೂರು ದಿನ ಬೈದರು. ನಾಲ್ಕನೆಯ ದಿನ ಅಂಗಡಿಯಲ್ಲಿ ಹಕ್ಕಿ ಕಾಳಿನ ಚೀಲ ಕಂಡವರು ಅದರ ಮುಂದೆಯೇ ನಿಂತುಬಿಟ್ಟರು.

“ಇದು ಬರಗು ಕಣೇ! ಇದು ಜೋಳ! ನಮ್ಮ ಕಡೆ ಮನುಷ್ಯರಿಗೇ ಬರಗು ನೋಡಕ್ಕೆ ಸಿಗಲ್ಲ, ಇಲ್ಲಿ ಹಕ್ಕಿಗೆ ಚೀಲಗಟ್ಟಲೆ ಮಾರ್ತಾರೆ! ಎಂಥಾ ಪುಣ್ಯಾತ್ಮರೇ ಈ ಜನ.”

ಚೀಲ ಕೊಂಡೆವು. ಅತ್ತೆ ಅದನ್ನು ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ತುಂಬಿಸಿಟ್ಟರು. ಬೆಳಿಗ್ಗೆ ಸ್ನಾನ ಮಾಡಿ, ಸೀರೆಯ ಮೇಲೆ ಮಗನ ಹಳೆಯ ಸ್ವೆಟರ್ ಏರಿಸಿ, ಡಬ್ಬ ಅಲ್ಲಾಡಿಸುತ್ತಾ ಹಿತ್ತಲಿಗೆ ಇಳಿಯುವುದು ಅವರ ನಿತ್ಯಕರ್ಮವಾಯಿತು. ಬೂದು ಬಣ್ಣದ ಬೆಳವಗಳು, ಪಾರಿವಾಳದ ಜಾತಿಯವೇ ಆದರೆ ಇನ್ನೂ ತೆಳು ಮೈಯವು, ಮೊದಲು ಎರಡು ಬಂದವು, ಆಮೇಲೆ ಹತ್ತು, ಆಗಸ್ಟ್ ಮುಗಿಯುವಷ್ಟರಲ್ಲಿ ಲೆಕ್ಕವಿಲ್ಲ. ಅತ್ತೆ ಅವುಗಳ ಜೊತೆ ಮಾತಾಡುತ್ತಿದ್ದರು, ಬೈಯುತ್ತಿದ್ದರು, ಕುಂಟುವ ಒಂದಕ್ಕೆ ಬೇರೆ ಹಾಕುತ್ತಿದ್ದರು.

ಒಂದು ದಿನ ಒಳಗೆ ಬಂದವರು ನಾಚಿಕೊಂಡ ಹಾಗೆ ಹೇಳಿದರು: “ಆ ಹೊಲದ ಯಜಮಾನರು ದಿನಾ ಅವರ ಮನೆ ಜಗಲಿ ಮೇಲಿಂದ ನನ್ನ ನೋಡಿ ಟೋಪಿ ತೆಗೀತಾರೆ ಕಣೇ. ನಾನೂ ಕೈ ಮುಗೀತೀನಿ. ಮರ್ಯಾದಸ್ಥರು.”

ನಾನು ಬಾಟಲಿ ಕುದಿಸುತ್ತಿದ್ದೆ. ಹೌದಾ ಅಂದು ಇನ್ನೊಂದು ಬಾಟಲಿ ನೀರಿಗೆ ಬಿಟ್ಟೆ.

ಸೆಪ್ಟೆಂಬರ್‌ನ ಮೊದಲ ಶನಿವಾರ ಬೆಳವದ ಬೇಟೆ ಶುರುವಾಗುವ ದಿನ; ಸ್ವಂತ ಹೊಲದಲ್ಲಿ ಗೆಳೆಯರನ್ನು ಕರೆದು ಹೊಡೆಯಲು ಕೌಂಟಿಯ ಅನುಮತಿ ಬೇಕಿಲ್ಲ. ಅದು ಆ ಕಡೆ ಸಣ್ಣ ಹಬ್ಬ ಅಂತ ನನಗೆ ಗೊತ್ತಾದದ್ದು ಆವತ್ತೇ. ಬೆಳಿಗ್ಗೆಯಿಂದ ಹಿಂದಿನ ಹೊಲಕ್ಕೆ ಟ್ರಕ್ಕುಗಳು ಬಂದವು. ಗಂಡಸರು ಮಡಚುವ ಸ್ಟೂಲು ಹಿಡಿದು ಇಳಿದರು, ಹೆಂಗಸರು ಪಾತ್ರೆ ಹಿಡಿದು ಇಳಿದರು. ಯಜಮಾನರ ಮನೆಯ ಮುಂದೆ ಇಡೀ ಹಂದಿಯನ್ನು ಸುಡುತ್ತಿದ್ದ ಹೊಗೆ ನಮ್ಮ ಅಡುಗೆಮನೆಗೆ ನುಗ್ಗಿತು, ಅತ್ತೆ ಸೆರಗು ಮೂಗಿಗೆ ಒತ್ತಿಕೊಂಡು ಕಿಟಕಿಗಳನ್ನೆಲ್ಲ ಹಾಕಿದರು. ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಗುಂಡು ಅಂತ ಬಡಾವಣೆಯವಳು ಮೊದಲೇ ಎಚ್ಚರಿಸಿದ್ದಳು. ಹಕ್ಕಿ ಹೊಡೀತಾರಂತೆ ಅಂತ ಹೇಳಿದಾಗಿನಿಂದ ಅತ್ತೆ ‘ಪಾಪ, ಪಾಪ’ ಅನ್ನುತ್ತಿದ್ದರು. ನಾನು ಮಗುವಿನ ಕಿವಿಗೆ ಹತ್ತಿ ಇಡಬೇಕೋ ಬೇಡವೋ ಅಂತ ಒದ್ದಾಡುತ್ತಿದ್ದೆ.

ಹನ್ನೆರಡಾಯಿತು, ಗುಂಡಿಲ್ಲ. ಕಿಟಕಿಯಿಂದ ನೋಡಿದರೆ ವನ್ಯಜೀವಿ ಇಲಾಖೆಯ ಹಸಿರು ಸಮವಸ್ತ್ರದ ಒಬ್ಬ ಆಫೀಸರು ಹೊಲದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲದಿಂದ ಏನನ್ನೋ ಹೆಕ್ಕಿ ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕುತ್ತಿದ್ದ. ಯಜಮಾನರು ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಸ್ಟೂಲುಗಳೆಲ್ಲ ಮಡಚಿ ಟ್ರಕ್ಕು ಸೇರಿದವು. ಹೆಂಗಸರು ಪಾತ್ರೆಗಳನ್ನು ಮುಚ್ಚಿಕೊಂಡು ಹೊರಟರು. ಒಂದು ಗುಂಡೂ ಹಾರಲಿಲ್ಲ.

ಸಂಜೆ ಬಡಾವಣೆಯವಳು ಓಡುತ್ತಲೇ ಬಂದಳು. “ಸಿಕ್ಕಿಬಿದ್ದ ಮುದುಕ! ಹೊಲಕ್ಕೆ ಕಾಳು ಚೆಲ್ಲಿ ಹಕ್ಕಿ ಸೇರಿಸಿದ್ದಾನೆ. ಅದು ಅಪರಾಧ. ಇನ್ನು ಅವನಿಗೆ ಅನುಮತಿ ಯಾರು ಕೊಡ್ತಾರೆ ನೋಡ್ತೀನಿ.”

ನನಗೆ ಅರ್ಥವಾಗದೆ ಕೇಳಿದೆ, ಅವಳು ಬಿಡಿಸಿ ಹೇಳಿದಳು. ಹೊಲದಲ್ಲಿ ತಾನೇ ಬೆಳೆದು ಉದುರಿದ ಕಾಳಾದರೆ ಪರವಾಗಿಲ್ಲ. ಹೊರಗಿಂದ ತಂದು ಚೆಲ್ಲಿದ ಕಾಳಾದರೆ ಅಲ್ಲಿ ಬೆಳವ ಹೊಡೆಯುವ ಹಾಗಿಲ್ಲ. ಎಲ್ಲ ಎತ್ತಿ ತೆಗೆದು ಹತ್ತು ದಿನ ಆಗಬೇಕು. ಬೆಳವ ವಲಸೆ ಹಕ್ಕಿ, ಆದ್ದರಿಂದ ಈ ಕಾನೂನು ಕೌಂಟಿಯದೂ ಅಲ್ಲ, ಇಡೀ ದೇಶದ್ದು. ಹಕ್ಕಿಗೆ ಊಟ ಹಾಕುವುದು ತಪ್ಪಲ್ಲವಂತೆ, ಹಕ್ಕಿ ಹೊಡೆಯುವುದೂ ತಪ್ಪಲ್ಲವಂತೆ, ಎರಡೂ ಒಂದೇ ಜಾಗದಲ್ಲಿ ಆದರೆ ಮಾತ್ರ ತಪ್ಪಂತೆ. ಇದನ್ನು ಅವಳು ಹೇಳುತ್ತಿರುವಾಗಲೇ ನನ್ನ ಬೆನ್ನ ಹಿಂದೆ ಅಡುಗೆಮನೆಯಲ್ಲಿ ಅತ್ತೆ ಬಿಸ್ಕತ್ತಿನ ಡಬ್ಬ ಅಲ್ಲಾಡಿಸಿ ನೋಡುತ್ತಿದ್ದರು, ಕಾಳು ನಾಳೆಗೆ ಸಾಲುತ್ತದೋ ಇಲ್ಲವೋ ಅಂತ.

ಅವಳು ಹೋದ ತಕ್ಷಣ ಅತ್ತೆಯನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. “ಅತ್ತೆ, ದಿನಾ ಕಾಳು ಎಲ್ಲಿ ಹಾಕ್ತೀರಾ, ಸ್ವಲ್ಪ ತೋರಿಸಿ.” ಅವರು ಹುಲ್ಲು ದಾಟಿದರು, ಪೈನ್ ಮರ ದಾಟಿದರು, ಹಳದಿ ಬೋರ್ಡನ್ನೂ ದಾಟಿ ಆರಾಮವಾಗಿ ಇನ್ನೂ ಮೂವತ್ತು ನಲವತ್ತು ಹೆಜ್ಜೆ ನಡೆದರು.

“ಮೊದಲು ಮೆಟ್ಟಿಲ ಹತ್ರ ಹಾಕ್ತಿದ್ದೆ. ಮಗು ಅತ್ತರೆ ಹೆದರಿ ಹಾರೋಗ್ತಿದ್ವು. ಅದಕ್ಕೇ ಇಲ್ಲಿ ಹಾಕ್ತೀನಿ. ಯಾಕೆ, ಇದು ನಮ್ಮದಲ್ವಾ?”

“ಇದು ಅವರ ಹೊಲ ಅತ್ತೆ!”

“ಬೇಲಿ ಎಲ್ಲಿದೆ ಮತ್ತೆ?”

ಮೈಸೂರಿನಲ್ಲಿ ಮೂವತ್ತು ನಲವತ್ತರ ಸೈಟಿಗೂ ಆಳೆತ್ತರದ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು. ನೂರಾರು ಎಕರೆಯ ಯಜಮಾನ ತನ್ನ ಗಡಿಗೆ ಒಂದು ಕಲ್ಲೂ ನೆಡದೆ ಇರುತ್ತಾನೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಗೋಡೆ ಇಲ್ಲ ಅಂದ ಮೇಲೆ ಅದು ಯಾರದ್ದೂ ಅಲ್ಲ, ಅಥವಾ ಎಲ್ಲರದು. ನಾನು ಅವರ ಜಾಗದಲ್ಲಿದ್ದರೂ ಅಲ್ಲೇ ಹಾಕುತ್ತಿದ್ದೆ.

ಗಂಡನಿಗೆ ಹೇಳಿದೆ. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಆಗ ಯಾವುದೋ ಸರ್ಕಾರಿ ಮೇಜಿನ ಮೇಲೆ ಕೂತಿತ್ತು. ರಾಜಧಾನಿಯ ಹತ್ತಿರದ ರಾಕ್‌ವಿಲ್‌ನಲ್ಲಿ ಅವನ ಕಾಲೇಜಿನ ಗೆಳೆಯನೊಬ್ಬನಿದ್ದ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡುವವನು, ಅಷ್ಟರಿಂದಲೇ ನಮ್ಮ ಬಳಗಕ್ಕೆಲ್ಲ ಕಾನೂನು ಪಂಡಿತ. ಅವನಿಗೆ ಫೋನ್ ಹೋಯಿತು. ಸ್ಪೀಕರಿನಲ್ಲಿ ಅವನ ಧ್ವನಿ ಇವತ್ತಿಗೂ ಕಿವಿಯಲ್ಲಿದೆ: “ಫೆಡರಲ್ ಮ್ಯಾಟರ್ ಗುರು, ಹುಡುಗಾಟ ಅಲ್ಲ. ಅಮ್ಮ ಬೇರೆ ವಿಸಿಟರ್ ವೀಸಾ. ಯಾರಾದ್ರೂ ಕೇಳಿದ್ರಾ? ಇಲ್ವಲ್ಲ. ಸುಮ್ನೆ ಬಾಯಿ ಮುಚ್ಕೊಂಡಿರಿ.”

“ಕೇಳಿದ್ಯಲ್ಲ,” ಅಂದ ನನ್ನ ಗಂಡ. “ಬಾಯಿ ಬಿಡ್ಬೇಡ.”

“ಅಲ್ವೋ, ಆ ಮನುಷ್ಯನ ಜಮೀನು ಹೋಗತ್ತೆ! ನಮ್ಮಿಂದ!”

“ನೀನೇ ತಾನೇ ಕೊಡಬೇಡಿ ಅಂತ ಸೈನ್ ಮಾಡಿದ್ದು?”

“ಕೊಡಿ ಅಂತಲೂ ಮಾಡಿದೀನಿ!”

ಅತ್ತೆಗೆ ನಿಜ ಹೇಳುವ ಹಾಗಿರಲಿಲ್ಲ. ಕಾಳು ಬಿದ್ದ ಕಡೆ ಹಕ್ಕಿ ಹೊಡೆಯುವ ಹಾಗಿಲ್ಲ ಅಂತ ಗೊತ್ತಾಗಿದ್ದರೆ ಅವರು ಮಾರನೆಯ ದಿನವೇ ಆ ಜಮೀನಿಗೆಲ್ಲ ಬರಗು ಚೆಲ್ಲಿ ಬರುತ್ತಿದ್ದರು. ಇಲಿ ಬರುತ್ತವಂತೆ, ಸ್ವಲ್ಪ ದಿನ ಹಾಕಬೇಡಿ ಅಂದೆ. ಅವರು ವಾದ ಮಾಡಲಿಲ್ಲ. ಬೆಳಿಗ್ಗೆ ಹಿಂದಿನ ಕಟ್ಟೆಯ ಮೇಲೆ ಹತ್ತೇ ಹತ್ತು ಕಾಳು ಇಟ್ಟು, ಹೊಲದ ಕಡೆ ನೋಡುತ್ತಾ ನಿಂತು, ಒಳಗೆ ಬಂದು ಅರ್ಧ ದೋಸೆ ತಿಂದು ಏಳುತ್ತಿದ್ದರು. ಗಣೇಶನ ಹಬ್ಬಕ್ಕೆ ಪಕ್ಕದ ಊರಾದ ಮಾರಿಸ್‌ವಿಲ್‌ನ ದೇವಸ್ಥಾನಕ್ಕೆ ಹೋದಾಗಲೂ ಸಪ್ಪಗಿದ್ದರು. ನಾನು ದೇವರ ಮುಂದೆ ನಿಂತು ಏನು ಕೇಳಿಕೊಳ್ಳಬೇಕು ಅಂತಲೇ ತಿಳಿಯದೆ ಬರೀ ಕೈ ಮುಗಿದು ಬಂದೆ.

ವಿಚಾರಣೆ ಒಂದು ಸಂಜೆ, ಕೌಂಟಿಯ ಸಭಾಂಗಣದಲ್ಲಿ. ಹೋಗುವುದು ಬೇಡ ಅಂದ ಗಂಡ. ಹೋಗೇ ಹೋಗ್ತೀನಿ ಅಂದೆ. ಮಗುವನ್ನು ಅತ್ತೆಯ ಬಳಿ ಬಿಟ್ಟು ಹೊರಟೆವು. ಅಲ್ಲಿ ಹೋಗಿ ನೋಡಿದರೆ ಯಾರು ಯಾರ ಕಡೆ ಅಂತಲೇ ತಿಳಿಯುವ ಹಾಗಿಲ್ಲ. ಗುಂಡೇ ಬೇಡ ಅನ್ನುವ ಬಡಾವಣೆಯವರು ಒಂದು ಸಾಲು. ಅವರ ಪಕ್ಕದಲ್ಲೇ, ಅವರ ಪರವಾಗಿಯೇ, ಗಡ್ಡದ ಬೇಟೆಗಾರರು ಇನ್ನೊಂದು ಸಾಲು. ತಾತನ ಕಾಲದಿಂದ ಆ ಜಮೀನಿನಲ್ಲಿ ನಾಯಿ ಬಿಟ್ಟುಕೊಂಡು ಓಡಾಡಿದವರಂತೆ ಅವರು. ಈಗ ಅದನ್ನು ಮುಚ್ಚಿ, ಶುಲ್ಕ ಕೊಟ್ಟ ಪಟ್ಟಣದವರಿಗೆ ಮಾತ್ರ ಬಾಗಿಲು ತೆರೆದರೆ ಹೇಗೆ ಅನ್ನುವುದು ಅವರ ಸಿಟ್ಟು.

“ಭೂಮಿ ಅವನದಿರಬಹುದು, ಹಕ್ಕಿ ಅವನದಲ್ಲ,” ಅಂದ ಅವರಲ್ಲೊಬ್ಬ.

“ಅಪ್ಪನಿಂದ ಬಂದ ಭೂಮಿಯಲ್ಲಿ ಏನು ಮಾಡಬೇಕು ಅಂತ ನೆನ್ನೆ ಮೊನ್ನೆ ಬಂದವರು ಹೇಳ್ತಾರಾ?” ಅಂದ ಯಜಮಾನರ ಕಡೆಯ ಇನ್ನೊಬ್ಬ ರೈತ.

ಪ್ರತಿಯೊಬ್ಬರು ಮಾತಾಡಿ ಕೂತಾಗಲೂ ನನಗೆ ಹೌದಲ್ಲ ಅನಿಸುತ್ತಿತ್ತು. ಮುಂದಿನವರು ಎದ್ದರೆ ಅದೂ ಹೌದಲ್ಲ. ನನ್ನಂಥವಳಿಗೆ ಜಮೀನು ಕೊಡಲೇಬಾರದು ಅಂತ ಅಲ್ಲಿ ಕೂತು ನನ್ನನ್ನೇ ಬೈದುಕೊಂಡೆ.

ಆಮೇಲೆ ಬಂತು ಕಾಳಿನ ವಿಷಯ. ಬಡಾವಣೆಯವಳು ಎದ್ದು, ಕಾನೂನು ಮುರಿದ ಮನುಷ್ಯನ ಕೈಗೆ ಬೇಟೆ ತಾಣ ಕೊಡುತ್ತೀರಾ ಅಂತ ಕೇಳಿದಳು. ಸಭೆ ಗುಜುಗುಜು ಅಂದಿತು. ಯಜಮಾನರು ಮುಂದಿನ ಸಾಲಿನಲ್ಲಿ ಕೂತಿದ್ದರು, ಬೆನ್ನು ಮಾತ್ರ ಕಾಣುತ್ತಿತ್ತು, ಆ ಬೆನ್ನು ಅಲ್ಲಾಡಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಹೆಂಗಸು ಅರ್ಜಿಗಳ ಕಟ್ಟು ತಿರುವಿ, ಕನ್ನಡಕ ಸರಿಮಾಡಿಕೊಂಡು, ನನ್ನ ಹೆಸರನ್ನು ತುಂಡು ತುಂಡಾಗಿ ಓದಿದಳು.

“ಈ ಹೆಸರು ಎರಡೂ ಅರ್ಜಿಯಲ್ಲಿದೆ. ಇವರು ಬಂದಿದ್ದಾರಾ?”

ಇಡೀ ಸಭೆ ನಕ್ಕಿತು. ಗಂಡ ನನ್ನ ಮೊಣಕೈ ಹಿಡಿದ. ನಾನು ಎದ್ದೆ.

“ಇಬ್ಬರೂ ನನ್ನ ಮನೆ ಬಾಗಿಲಿಗೆ ಬಂದಿದ್ದರು,” ಅಂದೆ. ಅಷ್ಟೇ ಬಂತು ಬಾಯಿಗೆ. ಮತ್ತೆ ನಗು.

ಅವಳು ನಗಲಿಲ್ಲ. “ನಿಮ್ಮ ಮನೆ ಆ ಹೊಲಕ್ಕೆ ತೀರ ಹತ್ತಿರ ಇದೆ. ಅಲ್ಲಿ ಯಾರಾದರೂ ಕಾಳು ಚೆಲ್ಲುವುದನ್ನು ನೀವು ನೋಡಿದ್ದೀರಾ?”

ಇಷ್ಟು ನೇರವಾದ ಪ್ರಶ್ನೆ ನನಗೆ ಜೀವನದಲ್ಲಿ ಯಾರೂ ಕೇಳಿರಲಿಲ್ಲ. ಹೂಂ ಅನ್ನಬೇಕಿತ್ತು. ಎಲ್ಲದಕ್ಕೂ ಹೂಂ ಅನ್ನುವ ಕತ್ತು ಆವತ್ತು ಮರಗಟ್ಟಿ ನಿಂತಿತು. ಅತ್ತೆಯ ಸ್ವೆಟರು, ಹಸಿರು ಸಮವಸ್ತ್ರ, ಗ್ರೀನ್ ಕಾರ್ಡಿನ ಫೈಲು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಗಂಡನ ಉಗುರು ನನ್ನ ಮೊಣಕೈಗೆ ಚುಚ್ಚುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಲ್ಲಿ ಯಜಮಾನರು ಎದ್ದು ನಿಂತರು. ಹಿಂದಕ್ಕೆ ತಿರುಗಿ ನೋಡಲಿಲ್ಲ.

“ಮ್ಯಾಮ್, ಹೊಲ ನನ್ನದು. ನನ್ನ ಹೊಲದಲ್ಲಿ ಬಿದ್ದ ಕಾಳಿಗೆ ನಾನೇ ಉತ್ತರ ಹೇಳಬೇಕಾದವನು. ಆ ಹುಡುಗಿಯನ್ನು ಬಿಟ್ಟುಬಿಡಿ. ಮನೆಯಲ್ಲಿ ಎಳೆ ಮಗು ಇದೆ.”

ಆ ಕ್ಷಣ ನನಗೆ ಗೊತ್ತಾಯಿತು. ದಿನಾ ಟೋಪಿ ತೆಗೆಯುತ್ತಿದ್ದ ಮನುಷ್ಯನಿಗೆ ಬಿಸ್ಕತ್ತಿನ ಡಬ್ಬ ಕಂಡಿರದೆ ಇರುತ್ತದೆಯೇ? ಅವರಿಗೆ ಗೊತ್ತಿತ್ತು. ಆಫೀಸರು ಕಾಳು ಹೆಕ್ಕುತ್ತಿದ್ದಾಗಲೂ ಗೊತ್ತಿತ್ತು. ಬಾಯಿ ಬಿಡು, ಈಗಲಾದರೂ ಬಾಯಿ ಬಿಡು ಅಂತ ಒಳಗೆ ಯಾರೋ ಕಿರುಚಿದ ಹಾಗಾಯಿತು. ನಾನು ಕೂತೆ. ಅಷ್ಟೇ ನಾನು ಮಾಡಿದ್ದು, ಕೂತೆ.

ಅನುಮತಿ ಸಿಗಲಿಲ್ಲ. ಕೈ ಎತ್ತಿ ಮತ ಹಾಕಿದರು, ಒಂದು ನಿಮಿಷವೂ ಹಿಡಿಯಲಿಲ್ಲ. ಬಡಾವಣೆಯವರೂ ಗಡ್ಡದ ಬೇಟೆಗಾರರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಪಾರ್ಕಿಂಗ್‌ನಲ್ಲಿ ಗಂಡ ಕಾರು ತೆಗೆಯುತ್ತಿದ್ದಾಗ ನಾನು ಓಡಿಹೋಗಿ ಅವರ ಟ್ರಕ್ಕಿನ ಬಾಗಿಲು ಹಿಡಿದುಕೊಂಡೆ. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು, ಯಾರ ಮೇಲೆ ಅಂತ ತಿಳಿಯದು.

“ಕಾಳು ಹಾಕಿದ್ದು ನಮ್ಮ ಅತ್ತೆ. ನಿಮಗೆ ಗೊತ್ತಿತ್ತು.”

“ಗೊತ್ತಿತ್ತು ಮ್ಯಾಮ್.”

“ಮೊದಲೇ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ದರೆ ನಿಲ್ಲಿಸುತ್ತಿದ್ದೆವಲ್ಲ!”

ಅವರು ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದರು. “ಮರದ ಬುಡದಲ್ಲಿ ಹಾಕ್ತಾರೆ, ಪರವಾಗಿಲ್ಲ ಅಂದ್ಕೊಂಡೆ. ಹೊಲದವರೆಗೂ ಬಂದದ್ದು ಆಮೇಲೆ ನೋಡಿದೆ. ಹೇಳಬೇಕು ಅಂತ ಎರಡು ಸಲ ನಿಮ್ಮ ಮನೆ ಕಡೆ ಬಂದೆ. ಅವರು ಹಕ್ಕಿಗಳ ಹತ್ರ ಮಾತಾಡ್ತಿದ್ದರು. ನನ್ನ ನೋಡಿ ಹೀಗೆ ಮಾಡಿದರು.” ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಜೋಡಿಸಿ ತೋರಿಸಿದರು. “ಆಮೇಲೆ ಹೇಗೆ ಹೇಳೋದು? ಟೋಪಿ ತೆಗೆದು ವಾಪಸ್ ಹೋದೆ.”

ಅವರಿಗೂ ಅದೇ ರೋಗ. ಡರ್ಹಮ್‌ನ ತಂಬಾಕಿನ ರೈತನಿಗೆ ಆ ರೋಗ ಎಲ್ಲಿಂದ ಹತ್ತಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ಮಾತ್ರ ಗೊತ್ತು. ಅವರು ಅದಕ್ಕೆ ತಮ್ಮ ಜಮೀನು ತೆತ್ತರು, ನಾನು ಏನೂ ತೆರಲಿಲ್ಲ. ಒಳಗೆ ವಾಪಸು ಹೋಗಿ ಹೇಳೋಣ, ಬನ್ನಿ ಅಂದೆ. ಆಗಿಹೋಯಿತು ಬಿಡಿ, ಮಗು ಕಾಯುತ್ತಿರುತ್ತೆ ಅಂದು ಟ್ರಕ್ಕು ಸ್ಟಾರ್ಟ್ ಮಾಡಿದರು. ನಾನು ಬಾಗಿಲು ಬಿಟ್ಟೆ. ಮಾರನೆಯ ದಿನವೂ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ಅಕ್ಟೋಬರ್‌ನಲ್ಲಿ ಅತ್ತೆ ಇನ್ನು ಕಾಳು ಹಾಕಬಹುದಾ ಅಂತ ಕೇಳಿದರು. ಹಾಕಿ ಅಂದೆ, ಎಲ್ಲಿ ಬೇಕಾದರೂ ಹಾಕಿ. ಅವರು ಮತ್ತೆ ಹೊಟ್ಟೆತುಂಬ ದೋಸೆ ತಿನ್ನತೊಡಗಿದರು.

ಅವರು ಮೈಸೂರಿಗೆ ಹೊರಡುವ ಮುನ್ನಿನ ವಾರ, ಎಲೆಗಳೆಲ್ಲ ಉದುರಿದ್ದ ಒಂದು ಬೆಳಿಗ್ಗೆ, ಹಿತ್ತಲಿನಿಂದ ನನ್ನನ್ನು ಕೂಗಿದರು. ಮಗುವನ್ನು ಗಂಡನ ಕೈಗೆ ಕೊಟ್ಟು ಹೋದೆ. ಹೊಲದ ತುಂಬ ಸಣ್ಣ ಸಣ್ಣ ಮರದ ಗೂಟಗಳು, ಪ್ರತಿ ಗೂಟಕ್ಕೂ ಕೇಸರಿ ಬಣ್ಣದ ರಿಬ್ಬನ್ನು. ಸರ್ವೆಯವರು ಹಿಂದಿನ ದಿನ ನೆಟ್ಟು ಹೋಗಿದ್ದರು. ಸೈಟುಗಳ ಅಳತೆ.

“ಏನೇ ಇದು, ಭೂಮಿ ಪೂಜೆ ಥರ ಇದೆ?”

“ಹೂಂ ಅತ್ತೆ, ಆ ಥರಾನೇ.”

ಅವರು ಡಬ್ಬ ತೆರೆದು ಗೂಟಗಳ ನಡುವೆ ಒಂದು ಹಿಡಿ ಚೆಲ್ಲಿದರು. ಬೆಳವಗಳು ಇಳಿದವು. “ಆ ಯಜಮಾನರು ಈ ಸಲ ಒಂದು ಗುಂಡೂ ಹಾರಿಸಲಿಲ್ಲ ನೋಡು. ನಂಗ್ಗೊತ್ತಿತ್ತು ಕಣೇ. ದಿನಾ ನೋಡ್ತಿದ್ರಲ್ಲ ನಾನು ಕಾಳು ಹಾಕೋದನ್ನ, ಮನಸ್ಸು ಕರಗಿರತ್ತೆ. ಹೇಳಿ ಬದಲಾಯಿಸಕ್ಕಾಗಲ್ಲ ಜನರನ್ನ, ಹೀಗೇ ಬದಲಾಗ್ತಾರೆ.” ಇನ್ನೊಂದು ಹಿಡಿ ತೆಗೆದು, ಇದು ಅವರ ಹೆಸರಿನಲ್ಲಿ ಅಂದು ಅದನ್ನೂ ಚೆಲ್ಲಿದರು. ಆಮೇಲೆ ಜಗಲಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. “ಎರಡು ದಿನದಿಂದ ಕಾಣ್ತಿಲ್ಲ. ಹುಷಾರಿಲ್ವೇನೋ.”

“ಮಗಳ ಮನೆಗೆ ಹೋಗಿದಾರೆ ಅತ್ತೆ.”

“ಬರ್ತಾರಲ್ಲ? ನಾನು ಹೊರಡೋದ್ರೊಳಗೆ?”

ಹೂಂ ಅಂದೆ.

ಅತ್ತೆ ಖಾಲಿ ಜಗಲಿಯ ಕಡೆ ತಿರುಗಿ, ಕಾಳಿನ ಹೊಟ್ಟು ಅಂಟಿದ್ದ ಎರಡೂ ಕೈ ಜೋಡಿಸಿ, ಯಾರೋ ಟೋಪಿ ತೆಗೆಯಲಿ ಅಂತ ಕಾಯುವವರ ಹಾಗೆ ಸ್ವಲ್ಪ ಹೊತ್ತು ಹಾಗೇ ನಿಂತರು. ನನಗೆ ಅವರ ಪಕ್ಕದಲ್ಲಿ ನಿಲ್ಲಲಾಗಲಿಲ್ಲ. ಮಗು ಅಳುತ್ತಿದೆ ಅಂತ ಹೇಳಿ ಒಳಗೆ ಬಂದೆ.